ನಳದಾಗಿನ ಕೈ

ಮನೆಯ ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ನೀರಿನ ನಳ ಮುಟ್ಟಿದರೆ ಕೈ ಜುಂ ಅಂದರೆ ನೀವೇನು ಮಾಡ್ತೀರಿ?

ನಾನು ಮೊದಲು ಚಪ್ಪಲಿ ಹಾಕಿಕೊಂಡೆ. ಆಮೇಲೆ ಮನೆದೇವರ ಹೆಸರು ಹೇಳಿದೆ. (ಮರ್ಯಾದೆಗೆ ಇದನ್ನು ಉಲ್ಟಾ ಬರೆಯಬೇಕಿತ್ತು.)

ಬೆಟಗೇರಿಯಲ್ಲಿ ನಮ್ಮದು ನೇಕಾರರ ಓಣಿ. ನಮಗೂ ಪಕ್ಕದವರಿಗೂ ನಡುವಿನ ಗೋಡೆ ಒಂದೇ, ನೀರಿನ ಕಬ್ಬಿಣದ ಪೈಪೂ ಒಂದೇ. ಕೆಲವು ದಿನಗಳಿಂದ ನಮ್ಮ ಅಡಿಗೆಮನೆಯ ನಳ ಮಧ್ಯಾಹ್ನ ಮುಟ್ಟಿದರೆ ಸಣ್ಣಗೆ ನಡುಗುತ್ತಿತ್ತು. ಬೆಳಗ್ಗೆ ಇಲ್ಲ, ರಾತ್ರಿ ಇಲ್ಲ. ಮೇನ್ ಇಳಿಸಿದೆ, ಫ್ಯೂಸ್ ಕಿತ್ತೆ. ಊಹೂಂ! ಕರೆಂಟೇ ಇಲ್ಲದ ಮನೆಯಲ್ಲಿ ನಳಕ್ಕೆ ಜೀವ ಎಲ್ಲಿಂದ ಬಂತು? ಹೆಂಡತಿ ಅಡಿಗೆಮನೆಗೆ ಒಬ್ಬಳೇ ಹೋಗುವುದನ್ನೇ ಬಿಟ್ಟಳು.

ಹೆದರದವಳು ಅವ್ವ ಮಾತ್ರ. ಒಂದು ಮಧ್ಯಾಹ್ನ ನೋಡುತ್ತೇನೆ, ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ನಳ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಾಳೆ! ತುಟಿ ಅಲ್ಲಾಡುತ್ತಿದೆ. ನಾನು ಕೂಗಿದೆ.

"ಬಿಡಬೇ ಯವ್ವಾ, ಸಾಯ್ತಿ!"

"ಒದರಬ್ಯಾಡೋ. ನಿಮ್ಮಪ್ಪ ಅದಾರ."

ಅಪ್ಪ ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಕೊನೆಕೊನೆಗೆ ಅವರ ಕೈ ನಡುಗುತ್ತಿತ್ತು. ಮಗ್ಗದ ಲಾಳಿ ಹಿಡಿಯಲಾಗದೆ ಅವ್ವನ ಕೈ ಹಿಡಿದು ಕೂರುತ್ತಿದ್ದರು. "ಥೇಟ್ ಹಿಂಗ ನಡಗತಿತ್ತು ನೋಡು," ಎಂದು ಅವ್ವ ನಕ್ಕಳು. ಇವತ್ತು ಜುಂ ಅಂದ ಕರೆಂಟು ನಾಳೆ ಅವಳನ್ನು ಹಿಡಿದು ಬಿಡದೇ ಹೋದರೆ?

ಅಷ್ಟರಲ್ಲಿ ಪಕ್ಕದ ಮನೆಯಿಂದ ಒಗ್ಗರಣೆ ವಾಸನೆ ಬಂತು. ಅರೆ, ನಳ ನಡುಗಿದಾಗಲೆಲ್ಲ ಈ ವಾಸನೆ ಇತ್ತಲ್ಲ! ಅವರ ಮನೆಗೆ ಓಡಿದೆ.

ಪಕ್ಕದ ಸುವರ್ಣಕ್ಕ ಹೊಸದಾಗಿ ದೊಡ್ಡ ಕರೆಂಟ್ ಒಲೆ ತರಿಸಿದ್ದಳು, ಮಧ್ಯಾಹ್ನದ ಅಡಿಗೆ ಮಾತ್ರ ಅದರ ಮೇಲೆ. ಅಂಥ ಒಲೆಗೆ ಬೋರ್ಡಿನಿಂದ ಬೇರೆಯೇ ದಪ್ಪ ವೈರು ಬೇಕು, ಬೇರೆ ಎಂಸಿಬಿ ಬೇಕು, ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಸರಿಯಾದ ಅರ್ಥಿಂಗ್ ಬೇಕು. ಅವಳ ಗಂಡ ವೈರು, ಎಂಸಿಬಿ ಹಾಕಿಸಿದ್ದ. ಅರ್ಥಿಂಗಿಗೆ ಮಾತ್ರ ಒಲೆಯ ಹಸಿರು ವೈರನ್ನು ನೀರಿನ ಪೈಪಿಗೆ ಸುತ್ತಿ ಕೈ ತೊಳೆದುಕೊಂಡಿದ್ದ.

"ಪೈಪ್ ನೆಲದಾಗ ಹೋಗೇತಲ್ರಿ, ಅದ ಅರ್ಥಿಂಗ್ ಆತು," ಅಂದ.

ಹೋಗಿತ್ತು, ಖರೆ. ಆದರೆ ನೆಲದೊಳಗಿನ ಓಣಿಯ ಪೈಪು ಈಗ ಪ್ಲಾಸ್ಟಿಕ್ಕಿನದು, ಕಬ್ಬಿಣ ಉಳಿದದ್ದು ನಮ್ಮಿಬ್ಬರ ಗೋಡೆಯ ಪೈಪಿನಲ್ಲಿ ಮಾತ್ರ. ಒಲೆಯಿಂದ ಸೋರಿದ ಕರೆಂಟು ನೆಲಕ್ಕೆ ಇಳಿಯಲಾಗದೆ ನಮ್ಮ ಮನೆಗೆ ಬರುತ್ತಿತ್ತು. (ಅವರ ನಳ ಪ್ಲಾಸ್ಟಿಕ್ಕಿನದು, ಅವರಿಗೇನೂ ಗೊತ್ತಾಗಿರಲಿಲ್ಲ!)

ಅವತ್ತೇ ವೈರು ಬಿಚ್ಚಿಸಿ, ಒಲೆ ರಿಪೇರಿ ಮಾಡಿಸಿ, ಅವರ ಹಿತ್ತಲಲ್ಲಿ ಕುಣಿ ತೋಡಿಸಿ ಅರ್ಥಿಂಗ್ ಹಾಕಿಸಿದೆವು. ನಳ ಸುಮ್ಮನಾಯಿತು. ಮರುದಿನ ಮಧ್ಯಾಹ್ನ ಅವ್ವ ಅದನ್ನು ಹಿಡಿದು ಬಹಳ ಹೊತ್ತು ನಿಂತಳು. ಅವ್ವನ ಜೀವ ಉಳಿಸಿದೆ ಅಂತ ನಾನು ಬೀಗುತ್ತಿದ್ದೆ.

ನಿನ್ನೆ ಸುವರ್ಣಕ್ಕ ಗಾಬರಿಯಾಗಿ ಬಂದಳು. ನಾನಿಲ್ಲದ ಹೊತ್ತಿನಲ್ಲಿ ಅವ್ವ ಅವರ ಮನೆಗೆ ಹೋಗಿ, ಸಣ್ಣ ದನಿಯಲ್ಲಿ ಕೇಳಿದಳಂತೆ:

"ಸುವರ್ಣಾ, ಆ ವೈರ್ ಒಂದೀಟ ಮತ್ತ ಸುತ್ತತಿಯೇನವಾ?"