ತೊವಾಯ್ ಬಿಡಿಸಿದ ಕಿವಿ

ಹಾಯ್‌ಫಾಂಗ್ ಬಂದರಿನ ಹಿಂದಿರುವ ನಮ್ಮ ಓಣಿಗೆ ತೊವಾಯ್ ಒಬ್ಬನೇ ಕಲಾವಿದ. ಕೊರಳಿಗೆ ಭೂತಗನ್ನಡಿ ತೂಗುಹಾಕಿಕೊಂಡು, ಅಂಗಡಿಯ ಗಾಜಿನ ಹಿಂದೆ, ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆ ಮತ್ತು ಮಧ್ಯಾಹ್ನ ಎರಡರಿಂದ ಐದರವರೆಗೆ, ಯಾರೋ ಮುದುಕನ ಎಡಹುಬ್ಬು ಬಿಡಿಸುತ್ತ ಕೂತಿರುತ್ತಿದ್ದ. ಎದುರಿನ ಚಹಾ ಅಂಗಡಿಯಿಂದ ನಾನು ಮೂರು ವರ್ಷ ನೋಡಿದ್ದೇನೆ. ಆ ಹುಬ್ಬು ಮುಗಿಯಲಿಲ್ಲ. ಬಲಹುಬ್ಬು ಶುರುವೇ ಆಗಿರಲಿಲ್ಲ.

ಆದರೂ ಅಂಗಡಿಯಿಂದ ವಾರಕ್ಕೆ ಒಂಬತ್ತು ಹತ್ತು ಚಿತ್ರಗಳು ಚೌಕಟ್ಟು ಹಾಕಿಸಿಕೊಂಡು ಹೊರಡುತ್ತಿದ್ದವು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ವೇಗ ಅರ್ಥವಾಗುತ್ತಿರಲಿಲ್ಲ. ಬಾಯಿಬಿಟ್ಟು ಕೇಳಲೂ ಇಲ್ಲ. ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಪೂಜಾಪೀಠದ ಮೇಲೂ ಆ ಅಂಗಡಿಯ ಒಬ್ಬರಾದರೂ ಹಿರಿಯರಿದ್ದಾರೆ.

ಅಂಗಡಿ ಅವನ ಮಾವ ಡೊವಾನ್ ಅವರದು. ಆ ಮನುಷ್ಯ ಬೆರಳುಗುರಿನಷ್ಟು ಫೋಟೊ ಇಟ್ಟುಕೊಂಡು, ಅದರ ಮೇಲೆ ಚೌಕಳಿ ಗೆರೆ ಎಳೆದು, ದೀಪದ ಮಸಿ ಮೆತ್ತಿದ ಕುಂಚದಿಂದ ದೊಡ್ಡ ಹಾಳೆಯ ಮೇಲೆ ಮುಖ ಎಬ್ಬಿಸುತ್ತಿದ್ದರು. ಒಂದು ಮುಖಕ್ಕೆ ಆರು ದಿನ. ತೀರಿಕೊಂಡಾಗ ಅಳಿಯನಿಗೆ ಕುಂಚ, ಭೂತಗನ್ನಡಿ ಮತ್ತು 'ಕೈಯಿಂದಲೇ ಬಿಡಿಸಿದ್ದು' ಎಂಬ ಬೋರ್ಡು ಸಿಕ್ಕವು. ಕೈ ಮಾತ್ರ ಅವರೊಂದಿಗೇ ಹೋಯಿತು. ತೊವಾಯ್ ಅದಕ್ಕೂ ಮುಂಚೆ ಬೈಕುಗಳಿಗೆ ಸೀಟು ಹೊಲಿಯುತ್ತಿದ್ದ.

ಅವನ ವಿಧಾನವನ್ನು ಆಮೇಲೆ ಅವನೇ ಹೇಳಿದ. ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಒಂದು ಆ್ಯಪ್. ಹಳೆಯ ಫೋಟೊ ಕೊಟ್ಟರೆ ಹರಿದಲ್ಲಿ ತುಂಬಿಸಿ, ಸುಕ್ಕು ತೆಗೆದು, ಮಸಿಚಿತ್ರದ ಫಿಲ್ಟರ್ ಹೊದಿಸಿ ಹನ್ನೊಂದು ಸೆಕೆಂಡಿನಲ್ಲಿ ಮುಖ ಕೊಡುತ್ತದೆ. ಅದನ್ನು ಒರಟು ಕಾಗದದ ಮೇಲೆ ಮುದ್ರಿಸುವುದು. ಆಮೇಲೆ ಶುರು ನಿಜವಾದ ಕೈಕೆಲಸ. ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ಮುಕ್ಕಾಲು ಪಾಲು ಅಳಿಸಬೇಕು. ಗಿರಾಕಿಯ ಬೆರಳಿಗೆ ಹತ್ತುವಂತೆ ಅಂಚಿಗೆ ಮಸಿ ಉದುರಿಸಬೇಕು. ಕೊನೆಗೆ ಬಲಮೂಲೆಯಲ್ಲಿ, ಅಜಾಗರೂಕತೆಯಿಂದ ಎಂಬಂತೆ, ಒಂದು ಹೆಬ್ಬೆಟ್ಟು. ಇದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಸುಳ್ಳಿನ ಭಾಗದಲ್ಲಿ ಅವನು ಎಂದೂ ಆತುರಪಟ್ಟವನಲ್ಲ.

ಪಕ್ಕದ ಮನೆಯ ನ್ಯಾಮ್ ಅಜ್ಜಿ ಹೋದ ವರ್ಷ ಗಂಡನ ಫೋಟೊ ತಂದಳು. ಗಂಡ ಲುವಾತ್ ಬಂದರಿನಲ್ಲಿ ಮೂಟೆ ಎತ್ತುವ ಕ್ರೇನು ನಡೆಸುತ್ತಿದ್ದ. ಇದ್ದದ್ದು ಒಂದೇ ಫೋಟೊ, ಅದರಲ್ಲೂ ಅರ್ಧ ಮುಖವನ್ನು ನೆರೆಯ ನೀರು ತಿಂದಿತ್ತು. ಮೂರನೇ ದಿನ ಚಿತ್ರ ಕೈಗೆ ಬಂದಾಗ ಅವಳು ಬಹಳ ಹೊತ್ತು ನೋಡಿದಳು. ಎಡಗಿವಿಯ ಮೇಲೆ ಬೆರಳಿಟ್ಟಳು. ಬೆರಳಿಗೆ ಮಸಿ ಹತ್ತಿತು. ದುಡ್ಡು ಕೊಟ್ಟು ಮನೆಗೆ ಒಯ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಅದರ ಮುಂದೆ ಒಂದು ಬಟ್ಟಲು ಚಹಾ, ಹಚ್ಚಿದ ಒಂದು ಸಿಗರೇಟು.

ಮೂರು ತಿಂಗಳಾದ ಮೇಲೆ ಓಣಿಯ ಕೊನೆಯಲ್ಲಿ ಏಡಿ ಮಾರುವ ಸುಯೆನ್ ತನ್ನ ಅಪ್ಪನ ತಿಥಿಗೆ ಎಲ್ಲರನ್ನೂ ಊಟಕ್ಕೆ ಕರೆದಳು. ತಿಥಿಗೆ ಹೋದವರು ಮೊದಲು ಪೂಜಾಪೀಠಕ್ಕೆ ಊದುಬತ್ತಿ ಹಚ್ಚಿ, ಆಮೇಲೆ ಚಾಪೆಯ ಮೇಲೆ ಕೂರಬೇಕು. ನ್ಯಾಮ್ ಅಜ್ಜಿ ಮೂರು ಬತ್ತಿ ಹಿಡಿದು ತಲೆಯೆತ್ತಿದಳು. ಬೇಯಿಸಿದ ಕೋಳಿಯ ಹಿಂದೆ, ಕೆಂಪು ದೀಪಗಳ ನಡುವೆ, ಅವಳ ಗಂಡ ಕೂತಿದ್ದ.

"ಇವರು ಯಾರು?"

"ನಮ್ಮಪ್ಪ, ಅಜ್ಜಿ."

"ಯಾವೂರು?"

"ಊರು ಕ್ವಾಂಗ್‌ನಿನ್. ದೋಣಿ ಕೆಲಸ. ಇಲ್ಲಿಗೂ ಅಲ್ಲಿಗೂ ಓಡಾಡ್ಕೊಂಡಿದ್ರು. ನಾವು ಈ ಓಣಿಗೆ ಬರೋ ಮುಂಚೇನೇ ತೀರ್ಕೊಂಡ್ರು."

ಲುವಾತ್ ಕೂಡ ತಿಂಗಳಿಗೆ ಹತ್ತು ದಿನ ಕ್ವಾಂಗ್‌ನಿನ್‌ಗೆ ಕಲ್ಲಿದ್ದಲು ತುಂಬಿಸಲು ಹೋಗುತ್ತಿದ್ದ. ಅಜ್ಜಿ ಊದುಬತ್ತಿಗಳನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದಳು.

ಮರುದಿನ ಅವಳ ಮನೆಯಲ್ಲಿ ಚಿತ್ರ ಗೋಡೆಗೆ ಮುಖಮಾಡಿತ್ತು. ಚಹಾ ಇಲ್ಲ, ಸಿಗರೇಟಿಲ್ಲ. "ನಲವತ್ತೊಂದು ವರ್ಷ," ಅಂದಳು. "ಬರೋವಾಗೆಲ್ಲ ಒಣ ಸ್ಕ್ವಿಡ್ ಮೀನು ತರ್ತಿದ್ದ. ನನಗೆ ಅಂದ್ಕೊಂಡಿದ್ದೆ. ಅಲ್ಲಿ ತಿಂದು ಮಿಕ್ಕಿದ್ದು ಅದು." ಎರಡು ವಾರ ಅವಳು ಅನ್ನ ಸರಿಯಾಗಿ ಮುಟ್ಟಲಿಲ್ಲ. ಅತ್ತ ಸುಯೆನ್‌ಳ ಅಮ್ಮ, ಎಪ್ಪತ್ತೆಂಟು ವರ್ಷದವಳು, ಸುದ್ದಿ ಕಿವಿಗೆ ಬಿದ್ದದ್ದೇ ಸತ್ತವನ ಹಳೆ ಪ್ಯಾಂಟಿನ ಜೇಬುಗಳನ್ನು ತಡಕತೊಡಗಿದಳು.

ನಾನು ಸ್ಕೇಲು ತೆಗೆದುಕೊಂಡು ಎರಡೂ ಮನೆಗೆ ಹೋದೆ. ಎರಡೂ ಚಿತ್ರಗಳಲ್ಲಿ ಕಣ್ಣುಗಳ ನಡುವಿನ ಅಂತರ ಆರು ಸೆಂಟಿಮೀಟರು ಎರಡು ಮಿಲಿಮೀಟರು. ಮೂಗಿನ ಉದ್ದವೂ ಒಂದೇ. ಅವಳಿ ಮಕ್ಕಳೂ ಇಷ್ಟು ಒಪ್ಪುವುದಿಲ್ಲ. ಈ ಅಂಕಿಗಳನ್ನು ಬರೆದ ಚೀಟಿಯನ್ನು ತೊವಾಯ್‌ನ ಎಡಹುಬ್ಬಿನ ಪಕ್ಕದಲ್ಲಿಟ್ಟೆ.

ಅವನು ಭೂತಗನ್ನಡಿಯಲ್ಲಿ ಓದಿದ. "ಮೂಗು ಅಂದ್ಮೇಲೆ ಮೂಗು ಥರಾನೇ ಇರತ್ತೆ ಮೇಷ್ಟ್ರೇ."

"ಅಜ್ಜಿ ಊಟ ಬಿಟ್ಟಿದಾಳೆ."

"ಬೇರೆ ಮಾಡ್ಕೊಡ್ತೀನಿ ಬಿಡಿ."

ಮಾಡಿಯೂ ಕೊಟ್ಟ. ಅದೇ ಮುಖ, ಮೇಲೆ ಒಂದು ಮೀಸೆ. ಅಜ್ಜಿ ನೋಡಿ, "ಓಹೋ, ಅಲ್ಲಿಗೆ ಹೋಗೋವಾಗ ಮೀಸೆ ಬೇರೆ ಬಿಡ್ತಿದ್ನಾ?" ಎಂದು ಅದನ್ನೂ ಗೋಡೆಗೆ ತಿರುಗಿಸಿಟ್ಟಳು.

ಅವನ ಹೆಂಡತಿ ಮಿಯೆನ್ ಅಂದು ಅಂಗಡಿಯಲ್ಲೇ ದನಿ ಎತ್ತಿದಳು. "ಹೋಗಿ ಹೇಳ್ಬಾರ್ದಾ?"

"ಹೇಳಿದ್ರೆ ಬೋರ್ಡು ಇಳಿಸ್ಬೇಕು. ನಿಮ್ಮಪ್ಪನ ಬೋರ್ಡು ಕಣೇ."

"ನಮ್ಮಪ್ಪ ಆರು ದಿನದಲ್ಲಿ ಒಂದು ಮುಖ ಮಾಡ್ತಿದ್ದ. ನೀನು ಹನ್ನೊಂದು ಸೆಕೆಂಡಿನಲ್ಲಿ ಇಬ್ಬರು ಹೆಂಗಸರನ್ನ ಸವತಿಯರನ್ನಾಗಿ ಮಾಡಿದೀಯ. ಅವನಿಗೂ ಬರ್ತಿರ್ಲಿಲ್ಲ ಇಂಥ ಕಲೆ."

ಭಾನುವಾರ ಬೆಳಿಗ್ಗೆ ಅಜ್ಜಿಯ ಮನೆ ಅಂಗಳದಲ್ಲಿ ಸುಯೆನ್ ಮತ್ತು ಅವಳ ಅಮ್ಮ ನ್ಯಾಯ ಕೇಳಲು ಬಂದು ನಿಂತಿದ್ದರು. ತೊವಾಯ್ ಮೊಬೈಲು ಹಿಡಿದು ಬಂದ, ಹಿಂದೆಯೇ ಮಿಯೆನ್. ಕೊರಳಲ್ಲಿ ಭೂತಗನ್ನಡಿ ಇರಲಿಲ್ಲ. ಅದಿಲ್ಲದೆ ಅವನು ಮತ್ತೆ ಸೀಟು ಹೊಲಿಯುವವನಂತೆ ಕಾಣುತ್ತಿದ್ದ.

"ಅಜ್ಜಿ, ಆ ಮುಖ ಯಾರದ್ದೂ ಅಲ್ಲ."

"ಏನಂದೆ?"

"ನಾನು ಬಿಡಿಸಿದ್ದಲ್ಲ. ಮಷೀನು ಮಾಡಿದ್ದು. ಸುಯೆನ್ ತಂದ ಫೋಟೊನೂ ಅರ್ಧ ಹಾಳಾಗಿತ್ತು. ಅರ್ಧ ಮುಖ ಇಲ್ಲದೇ ಇದ್ರೆ ಇದು ಇವನನ್ನೇ ತಂದು ಕೂರಿಸತ್ತೆ. ಇವನು ಹುಟ್ಟೇ ಇಲ್ಲ."

ಅಜ್ಜಿ ನಂಬಲಿಲ್ಲ. "ಅವನ ಮಾನ ಉಳಿಸೋಕೆ ಸುಳ್ಳು ಹೇಳ್ತಿದೀಯ. ಗಂಡಸರು ಗಂಡಸರೇ."

ಆಗ ತೊವಾಯ್ ತನ್ನ ಮದುವೆಯ ಫೋಟೊ ತೆಗೆದು, ತನ್ನ ಮುಖದ ಅರ್ಧಕ್ಕೆ ಹೆಬ್ಬೆರಳಿಟ್ಟು ಮೊಬೈಲಿಗೆ ತೋರಿಸಿದ. ಎಲ್ಲರೂ ಬಗ್ಗಿ ನೋಡಿದೆವು. ಹನ್ನೊಂದು ಸೆಕೆಂಡಿನ ನಂತರ ಮಿಯೆನ್‌ಳ ಪಕ್ಕದಲ್ಲಿ, ಮದುವೆಯ ಕೋಟು ತೊಟ್ಟು, ಲುವಾತ್ ನಗುತ್ತಿದ್ದ.

"ಇವನೇ ಇರ್ಲಿ ಬಿಡಿ," ಅಂದಳು ಮಿಯೆನ್. "ನಮ್ಮನೇವ್ರಿಗಿಂತ ಲಕ್ಷಣವಾಗಿದಾನೆ."

ಮೊದಲು ನಕ್ಕವಳು ಸುಯೆನ್‌ಳ ಅಮ್ಮ. ಸುಯೆನ್ ನಗಲಿಲ್ಲ. "ಹಂಗಾದ್ರೆ ತಿಥಿಗೆ ನಾವಿಟ್ಟ ಕೋಳಿ ಯಾರಿಗೆ ಹೋಯ್ತು?"

"ಮೇಷ್ಟ್ರಿಗೆ," ಅಂದಳು ಅಮ್ಮ. ಅದು ನಿಜ. ತೊಡೆಯ ಭಾಗ ನನ್ನ ಪಾಲಿಗೇ ಬಂದಿತ್ತು.

ನ್ಯಾಮ್ ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ಮೂರು ತಿಂಗಳು ನಾನು ಯಾರಿಗೋ ಸಿಗರೇಟು ಹಚ್ಚಿದೀನಿ?"

"ತಪ್ಪಾಯ್ತು ಅಜ್ಜಿ."

"ಕಿವಿ ನೋಡಿದಾಗ್ಲೇ ಅನ್ಕೊಂಡೆ. ಅವನ ಎಡಗಿವಿ ತುದಿ ಇರ್ಲಿಲ್ಲ ಕಣೋ. ಮದುವೆಯಾದ ವರ್ಷ ಕ್ರೇನಿನ ಕೊಕ್ಕೆ ತಗುಲಿ ಹರಿದುಹೋಗಿತ್ತು. ನೀನು ಮರ್ಯಾದೆಗೆ ಸರಿಮಾಡಿದೀಯ, ಅಂತ ಸುಮ್ಮನಿದ್ದೆ." ಎದ್ದು ಒಳಗೆ ಹೋಗಿ ಮೀಸೆಯಿಲ್ಲದ ಚಿತ್ರ ತಂದು ಅವನ ಕೈಗಿಟ್ಟಳು. "ಕಿವಿ ಹರಿ ಈಗ."

"ನನಗೆ ಬಿಡಿಸೋಕೆ ಬರಲ್ಲ ಅಜ್ಜಿ."

"ಹರಿಯೋಕೆ ಬರತ್ತಲ್ಲ. ನಾನು ಹೇಳ್ತೀನಿ."

ಅವನು ಬ್ಲೇಡಿನಿಂದ ಮುದ್ರಣವನ್ನು ಕೆರೆದ, ಮಾವನ ಕುಂಚದಿಂದ ಮಸಿ ಹಚ್ಚಿದ. ಅಜ್ಜಿ ಪಕ್ಕದಲ್ಲಿ ಕೂತು, "ಇನ್ನೂ ಒಳಗೆ. ಅಷ್ಟಲ್ಲ. ಗಾಯ ಅದು, ಇಲಿ ಕಡಿದಿದ್ದಲ್ಲ," ಎನ್ನುತ್ತಿದ್ದಳು. ಸತತ ನಾಲ್ಕು ದಿನ ಹಿಡಿಯಿತು, ಒಂದು ಕಿವಿಗೆ. ಕೊನೆಗೆ ಅದು ಕಚ್ಚಿಟ್ಟ ಬಿಸ್ಕತ್ತಿನಂತೆ ಕಂಡಿತು. ಅಜ್ಜಿ ಮೊದಲ ದಿನ ಮಾಡಿದಂತೆಯೇ ಅದರ ಮೇಲೆ ಬೆರಳಿಟ್ಟಳು. ಈ ಸಲ ಬೆರಳು ತೆಗೆಯಲು ತಡಮಾಡಿದಳು.

"ಇದು ಅವನದು," ಅಂದಳು. "ಮಿಕ್ಕ ಮುಖ ಯಾರದಾದ್ರೂ ಇರ್ಲಿ."

ಸುಯೆನ್ ತನ್ನ ಅಪ್ಪನ ಗಲ್ಲಕ್ಕೆ ಒಂದು ಮಚ್ಚೆ ಹಾಕಿಸಿಕೊಂಡಳು. ಅದು ಒಂದೂವರೆ ದಿನದ ಕೆಲಸ.

ಡೊವಾನ್ ಅವರ ಬೋರ್ಡನ್ನು ತೊವಾಯ್ ಇಳಿಸಿ ಒಳಗಿಟ್ಟ. ಹೊಸ ಬೋರ್ಡಿನಲ್ಲಿ ಹೀಗಿದೆ: 'ಮುಖ ಮಷೀನಿನದು. ಕಿವಿ, ಮಚ್ಚೆ, ಗಾಯ ಕೈಯಿಂದ.' ಗಿರಾಕಿಗಳು ಕಡಿಮೆಯಾಗುತ್ತಾರೆ ಎಂದು ನಾನು ಊಹಿಸಿದ್ದೆ. ತಪ್ಪಿತು. ಈಗ ಜನ ಸತ್ತವರ ಕುಂದುಗಳ ಪಟ್ಟಿ ಹಿಡಿದು ಸಾಲು ನಿಲ್ಲುತ್ತಾರೆ, ಅಂಗಡಿಯೊಳಗೆ ಗಲಾಟೆಯೋ ಗಲಾಟೆ. ಗಾಜಿನ ಹಿಂದಿನ ಮುದುಕನ ಎಡಹುಬ್ಬು ಹಾಗೇ ಇದೆ. ಅದಕ್ಕೀಗ ಅವನಿಗೆ ಪುರಸೊತ್ತಿಲ್ಲ.

ನ್ಯಾಮ್ ಅಜ್ಜಿ ಮತ್ತೆ ದಿನಾ ಬೆಳಿಗ್ಗೆ ಚಹಾ ಇಟ್ಟು ಸಿಗರೇಟು ಹಚ್ಚುತ್ತಾಳೆ. ಆ ಮುಖದ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಚಿತ್ರವನ್ನು ಓರೆಯಾಗಿ ತಿರುಗಿಸಿಟ್ಟು, ಸ್ವಲ್ಪ ಬಗ್ಗಿ, ಹೇಳಬೇಕಾದ್ದನ್ನೆಲ್ಲ ಎಡಗಿವಿಯಲ್ಲೇ ಹೇಳುತ್ತಾಳೆ.