ಒದ್ದೆ ಚೀಲದ ತೂಕ

ಪಾಯಿಂಟ್ ಕುಕ್‌ನ ನಮ್ಮ ಮನೆಗೆ ಕೆಲವು ದಿನ ಒಂದು ವಾಸನೆ ಬರುತ್ತದೆ. ನೈಋತ್ಯದ ಗಾಳಿ ಬೀಸಿದಾಗ ಮಾತ್ರ. ಮೆಲ್ಬರ್ನ್ ನಗರದ ಕೊಳಚೆ ನೀರನ್ನು ಶುದ್ಧ ಮಾಡುವ ದೊಡ್ಡ ದೊಡ್ಡ ಕೆರೆಗಳು ಆ ದಿಕ್ಕಿಗಿವೆ. ಕೆಸರು, ಪಾಚಿ, ಸಮುದ್ರದ ಉಪ್ಪು, ಎಲ್ಲ ಸೇರಿದ ವಾಸನೆ. ಕಳೆದ ತಿಂಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅದು ಬಂತು. ಒಳಗಿನಿಂದ ನನ್ನ ಗಂಡ, “ಬಾಗಿಲು ಹಾಕು, ಮತ್ತೆ ಶುರುವಾಯ್ತು. ಮನೆ ತಗೊಳ್ಳೋವಾಗ ಆ ಏಜೆಂಟ್ ಇದೊಂದನ್ನ ಹೇಳ್ಲೇ ಇಲ್ಲ ನೋಡು” ಎಂದ.

ಬಾಗಿಲು ಹಾಕಿ ನಾನು ಹೊರಗೇ ನಿಂತೆ. ಒಂದು ಕಾಲದಲ್ಲಿ ಇದು ನನಗೆ ಒಂದು ಕೋಟಿನ ವಾಸನೆಯಾಗಿತ್ತು. ಊರಿನ ಇನ್ನೊಂದು ತುದಿಯಲ್ಲಿರುವ ಕ್ಲೇಟನ್‌ನ ಬಾಡಿಗೆ ಮನೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಬಾಗಿಲ ಹಿಂದೆ ತೂಗುತ್ತಿದ್ದ ಹಸಿರು ಕೋಟು. ಅದರ ಒಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ.

ಚಿತ್ರದುರ್ಗದಿಂದ ಕಂಪ್ಯೂಟರ್ ಓದಲು ಬಂದವಳು ನಾನು. ಎರಡು ಸಾವಿರದ ಒಂದನೇ ಇಸವಿ, ಜುಲೈ ತಿಂಗಳು. ಇಲ್ಲಿ ಜುಲೈನಲ್ಲಿ ಅಷ್ಟು ಚಳಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಆ ಮನೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಇದ್ದವರು ಉಗಾಂಡಾದ ಹೆಂಗಸು, ನಲವತ್ತು ದಾಟಿದವರು, ಅದೇ ವಿಶ್ವವಿದ್ಯಾಲಯದಲ್ಲಿ ಹಕ್ಕಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದವರು. ಮೊದಲ ವಾರವೇ, ತಾಯಿಯಲ್ಲದ, ಆದರೆ ವಯಸ್ಸಿನಲ್ಲಿ ದೊಡ್ಡವರಾದ ಹೆಂಗಸನ್ನು ನಿಮ್ಮ ಭಾಷೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಕೇಳಿದರು. ಹೇಳಿದೆ. ಎರಡು ಸಲ ಹೇಳಿ ನೋಡಿದರು, ಹಾಗೇ ಕರಿ ಎಂದರು. ಅಲ್ಲಿಂದ ಅದೇ ಉಳಿಯಿತು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ಆ ಒಂದು ಪದ ಬಿಟ್ಟು.

ಅವರ ಕತೆ ನನಗೆ ಒಟ್ಟಿಗೆ ಗೊತ್ತಾದದ್ದಲ್ಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ ತುಣುಕು ತುಣುಕಾಗಿ ಬಂದದ್ದು. ದೊಡ್ಡ ಸರೋವರದ ದಡದ ಹಳ್ಳಿ. ತಂದೆ ಮೀನು ಹಿಡಿಯುತ್ತಿದ್ದರು. ಅಲ್ಲಿನ ಜೊಂಡಿನಲ್ಲಿ ಬೂಟಿನಂಥ ಕೊಕ್ಕಿನ, ಎದೆಯೆತ್ತರದ ಬೂದು ಹಕ್ಕಿಯೊಂದು ಇರುತ್ತದಂತೆ. ಅದು ಕಂಡರೆ ಆ ದಿನ ಮೀನು ಸಿಗುವುದಿಲ್ಲ ಎಂದು ನಂಬಿ ತಂದೆ ದೋಣಿ ತಿರುಗಿಸಿಬಿಡುತ್ತಿದ್ದರು. ಕೆಲವರು ಅದನ್ನು ಹೊಡೆದು ಕೊಲ್ಲುತ್ತಲೂ ಇದ್ದರು. ಶಾಲೆಯಲ್ಲಿ ಜೀವಶಾಸ್ತ್ರದ ಮೇಡಂ ಆದ ಮೇಲೆ ಅಕ್ಕ ರಜೆಯ ದಿನಗಳಲ್ಲಿ ಒಬ್ಬರೇ ದೋಣಿಗೆ ಹುಟ್ಟು ಹಾಕಿಕೊಂಡು ಹೋಗಿ ಅದನ್ನು ನೋಡುತ್ತಾ ಕೂರತೊಡಗಿದರು. ಅದು ಎಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ, ಯಾವ ಮೀನು ತಿನ್ನುತ್ತದೆ, ಎಲ್ಲವನ್ನೂ ಮಕ್ಕಳ ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬರೆದಿಟ್ಟರು. ಆ ಕಾಗದಗಳನ್ನು ನೋಡಿದ ರಾಜಧಾನಿಯ ವಸ್ತುಸಂಗ್ರಹಾಲಯದವರು ಅವರನ್ನು ಸಂಗ್ರಹದ ಹಕ್ಕಿಗಳಿಗೆ ಹೆಸರಿನ ಚೀಟಿ ಬರೆಯುವ ಕೆಲಸಕ್ಕೆ ಕರೆದುಕೊಂಡರು. ಹನ್ನೆರಡು ವರ್ಷದಲ್ಲಿ ಹಕ್ಕಿಗಳ ವಿಭಾಗ ಅವರ ಕೈಗೆ ಬಂದಿತ್ತು. ಅಷ್ಟರೊಳಗೆ ಗಂಡ ತೀರಿಕೊಂಡಿದ್ದರು. ಸ್ಕಾಲರ್‌ಶಿಪ್ ಸಿಕ್ಕಾಗ ಎಂಟು ವರ್ಷದ ಮಗಳನ್ನು ತಾಯಿಯ ಬಳಿ ಬಿಟ್ಟು ಮೆಲ್ಬರ್ನಿಗೆ ಬಂದಿದ್ದರು.

ಇಲ್ಲಿ ಅವರು ನೋಡುತ್ತಿದ್ದದ್ದು ಬೇರೆಯೇ ಹಕ್ಕಿ. ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಸೈಬೀರಿಯಾದಲ್ಲಿ ಮೊಟ್ಟೆಯಿಟ್ಟು, ಇಲ್ಲಿನ ಬೇಸಿಗೆಗೆ ಆ ಕೊಳಚೆ ಕೆರೆಗಳ ಕೆಸರಿಗೆ ಬಂದು, ಹೊಟ್ಟೆತುಂಬ ತಿಂದು ಕೊಬ್ಬಿ, ಮತ್ತೆ ಅಷ್ಟು ದೂರ ಹಾರಿ ಹೋಗುವ ಹಕ್ಕಿ. ಬಲೆ ಹಾಕಿ ಹಿಡಿಯುತ್ತಿದ್ದರು. ಕಾಲಿಗೆ ನಂಬರ್ ಇರುವ ಚಿಕ್ಕ ಉಂಗುರ ತೊಡಿಸಿ, ಬಟ್ಟೆಯ ಚೀಲದಲ್ಲಿ ಹಾಕಿ ತೂಗಿ, ಚೀಲದ ತೂಕ ಕಳೆದು, ಬರೆದುಕೊಂಡು ಬಿಡುತ್ತಿದ್ದರು. ಹೊರಡುವ ಮೊದಲು ಅವು ಎಷ್ಟು ದಪ್ಪವಾಗುತ್ತವೆ, ಯಾವಾಗ ದಪ್ಪವಾಗುತ್ತವೆ ಎಂಬುದು ಅವರ ಪ್ರಶ್ನೆ. ಮೊದಲ ಬೇಸಿಗೆಯ ಉತ್ತರ ಎಲ್ಲರನ್ನೂ ಬೆರಗುಗೊಳಿಸಿತ್ತು. ಎಲ್ಲರೂ ಅಂದುಕೊಂಡಿದ್ದಕ್ಕಿಂತ ತಿಂಗಳು ಮೊದಲೇ ಹಕ್ಕಿಗಳು ತೂಕ ಏರಿಸಿಕೊಳ್ಳುತ್ತಿದ್ದವು. ಗೈಡ್ ಹೊಗಳಿದ್ದರು. ಒಂದು ಜರ್ನಲ್ ಅದನ್ನು ಪ್ರಕಟಿಸಲು ಒಪ್ಪಿಯೂ ಇತ್ತು.

ಮರುವರ್ಷದ ಚಳಿಗಾಲದಲ್ಲಿ ಅವರ ನೋಟ್‌ಬುಕ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಡಲು ನಾನು ಒಪ್ಪಿದೆ. ಸೆಮಿಸ್ಟರ್ ರಜೆ ಇತ್ತು, ಬೇರೇನೂ ಕೆಲಸವಿರಲಿಲ್ಲ. ಮೂರನೆಯ ದಿನ ಒಂದು ನಂಬರ್ ಎರಡು ಸಲ ಬಂತು. ಒಂದೇ ಹಕ್ಕಿ ಎರಡು ದಿನ ಬಲೆಗೆ ಬಿದ್ದಿತ್ತು. ಮೊದಲ ದಿನದ ಪಕ್ಕದಲ್ಲಿ ತುಂತುರು ಎಂದು ಬರೆದಿತ್ತು, ಮರುದಿನದ ಪಕ್ಕದಲ್ಲಿ ಬಿಸಿಲು ಎಂದು. ತುಂತುರಿನ ದಿನ ಅದು ಬಹಳ ಭಾರವಾಗಿತ್ತು. ಹುಡುಕಿದೆ. ಅಂಥವು ಇನ್ನೂ ನಾಲ್ಕು ಸಿಕ್ಕವು.

ನಾನು ಇದನ್ನು ಪ್ರಾಮಾಣಿಕತೆಯಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಟೈಪ್ ಮಾಡಿ ಮಾಡಿ ಬೇಜಾರಾಗಿತ್ತು, ಪತ್ತೆ ಮಾಡಿದ ಖುಷಿ ಇತ್ತು, ಹೇಳಿದೆ. ಅಕ್ಕ ಒಲೆಯ ಮುಂದೆ ನಿಂತಿದ್ದರು. ಬಂದು ಪರದೆ ನೋಡಿದರು. ಆಮೇಲೆ ಕೋಣೆಗೆ ಹೋಗಿ ಹಕ್ಕಿ ತೂಗುವ ಚೀಲವನ್ನೂ ಪುಟ್ಟ ತಕ್ಕಡಿಯನ್ನೂ ತಂದರು. ಒಣ ಚೀಲ ತೂಗಿದರು. ನಲ್ಲಿಯ ಕೆಳಗೆ ಹಿಡಿದು, ಹಿಂಡಿ, ಮತ್ತೆ ತೂಗಿದರು. ಇನ್ನೊಮ್ಮೆ, ಇನ್ನೂ ಬಿಗಿಯಾಗಿ ಹಿಂಡಿ ತೂಗಿದರು. ನೀರು ಹೀರಿದ ಚೀಲದ ತೂಕ ಹಕ್ಕಿಯ ತೂಕಕ್ಕೆ ಸೇರಿಹೋಗಿತ್ತು. ಆ ವರ್ಷ ಮಳೆ ಬೇಗ ಬಂದಿತ್ತು. ದಪ್ಪವಾಗಿದ್ದದ್ದು ಹಕ್ಕಿಯಲ್ಲ, ಬಟ್ಟೆ.

ಒಲೆಯ ಮೇಲಿದ್ದದ್ದು ಸೀದ ವಾಸನೆ ಬಂತು. ನಾನೇ ಹೋಗಿ ಆರಿಸಿದೆ.

“ಅಕ್ಕ, ಇದು ಯಾರಿಗೂ ಕಾಣಿಸಲ್ಲ,” ಎಂದೆ. “ಆ ಐದು ಹಕ್ಕಿಗಳ ಸಾಲು ತೆಗೆದುಬಿಟ್ಟರೆ ಮುಗೀತು.”

ಅವರು ಚೀಲವನ್ನು ಕುರ್ಚಿಯ ಬೆನ್ನಿಗೆ ಒಣಹಾಕಿದರು. “ನಾಳೆ ಯಾರೋ ಈ ನಂಬರ್ ನಂಬಿ ಇನ್ನೊಂದು ಕೆಲಸ ಶುರು ಮಾಡ್ತಾರೆ,” ಎಂದರು. “ಅವರಿಗೆ ನಾನು ಯಾರು ಅಂತಲೂ ಗೊತ್ತಿರಲ್ಲ.” ಅಷ್ಟೇ. ದನಿ ಏರಲಿಲ್ಲ, ಇಳಿಯಲೂ ಇಲ್ಲ.

ಸೋಮವಾರ ಗೈಡ್ ಬಳಿ ಹೋಗಿ ಹೇಳಿದರು. ಮಳೆಯ ದಿನಗಳನ್ನಷ್ಟೇ ಬಿಟ್ಟುಬಿಡಿ ಎಂದು ಅವರು ಸೂಚಿಸಿದರಂತೆ. ಆದರೆ ಯಾವ ಹಕ್ಕಿಯನ್ನು ತೂಗುವಾಗ ಚೀಲ ಒದ್ದೆಯಿತ್ತು ಎಂದು ಅಕ್ಕ ಎಲ್ಲ ಕಡೆ ಬರೆದಿರಲಿಲ್ಲ. ಆದ್ದರಿಂದ ಇಡೀ ಬೇಸಿಗೆಯನ್ನೇ ತೆಗೆದುಹಾಕಿದರು. ಲೇಖನವನ್ನು ಹಿಂದಕ್ಕೆ ಪಡೆದರು. ಕಳೆದುಕೊಂಡ ಒಂದು ಬೇಸಿಗೆಗೆ ಬದಲಾಗಿ ಇನ್ನೊಂದು ಬೇಸಿಗೆ ಬೇಕಿತ್ತು. ಸ್ಕಾಲರ್‌ಶಿಪ್ ಅಲ್ಲಿಯವರೆಗೆ ಇರಲಿಲ್ಲ. ಅದು ನಿಂತ ಮೇಲೆ ಒಂದು ಲಾಂಡ್ರಿಯಲ್ಲಿ ಹೊದಿಕೆ ಮಡಿಸುವ ಕೆಲಸಕ್ಕೆ ಸೇರಿಕೊಂಡರು. ವಾರದಲ್ಲಿ ನಾಲ್ಕು ದಿನ ಅಲ್ಲಿ, ಮೂರು ದಿನ ಕೆರೆಯಲ್ಲಿ. ಊರಿಗೆ ಹೋಗಿ ಮಗಳನ್ನು ನೋಡಿ ಬರುವ ಮಾತು ಮತ್ತೆ ಬರಲಿಲ್ಲ. ನನ್ನ ಮೇಲೆ ಕೋಪವಿತ್ತೇ... ಗೊತ್ತಿಲ್ಲ. ನನಗೂ ಆಗ ಒಂದು ಬಗೆಯ ಮರಗಟ್ಟಿದ ಸ್ಥಿತಿ. ಕೋರ್ಸ್ ಮುಗಿದಿತ್ತು, ಪಿಆರ್‌ಗೆ, ಅಂದರೆ ಇಲ್ಲೇ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿ ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸ ಮಾಡುತ್ತಾ ಕಾಯುತ್ತಿದ್ದೆ. ಒಂದೇ ಮನೆಯಲ್ಲಿದ್ದು ದಿನಗಟ್ಟಲೆ ಮಾತಿಲ್ಲದೆ ಇರುತ್ತಿದ್ದೆವು.

ಆ ಹೆಚ್ಚುವರಿ ಬೇಸಿಗೆಯ ಕೊನೆಗೆ, ಒಂದು ಭಾನುವಾರ ಬೆಳಿಗ್ಗೆ, ಮಗಳ ಜೊತೆ ಮಾತಾಡಲು ಅಕ್ಕ ಎಂದಿನಂತೆ ಫೋನ್ ಕಾರ್ಡಿನ ನಂಬರ್ ಒತ್ತಿದರು. ಸ್ವಲ್ಪ ಹೊತ್ತಿಗೆ ರಿಸೀವರ್ ಇಟ್ಟರು. ಅವರ ತಾಯಿ ಎರಡು ದಿನದ ಹಿಂದೆ ತೀರಿಕೊಂಡಿದ್ದರು. ಮಗಳನ್ನು ಚಿಕ್ಕಮ್ಮ ಕರೆದುಕೊಂಡು ಹೋಗಿದ್ದಳು. ಹೊರಟು ಹೋದರೆ ಬೇಸಿಗೆ ಮುಗಿದುಹೋಗುತ್ತದೆ, ಹಕ್ಕಿಗಳು ಹಾರಿಬಿಡುತ್ತವೆ, ಈ ವರ್ಷವೂ ಹಾಳು. ಇದನ್ನು ಅವರು ಹೇಳಲಿಲ್ಲ, ನಾನೇ ಅಂದುಕೊಂಡೆ. ಅವರು ಕೋಟು ಹಾಕಿಕೊಂಡರು. ನಾನೂ ಬರಲೇ ಎಂದು ಕೇಳಿದೆ. ಬಾ ಎಂದರು.

ಅವತ್ತು ಕೆರೆಯ ದಡದಲ್ಲಿ ನಾನು ನೋಟ್‌ಬುಕ್ ಹಿಡಿದು ಕೂತೆ. ಅವರು ನಂಬರ್ ಹೇಳುತ್ತಿದ್ದರು, ತೂಕ ಹೇಳುತ್ತಿದ್ದರು. ಪ್ರತಿ ಹಕ್ಕಿಗೂ ಮೊದಲು ಬರಿ ಚೀಲ ತೂಗಿ ಅದನ್ನೂ ಬರೆಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಹಕ್ಕಿಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಬಿಚ್ಚು ಎಂದರು. ಬಿಚ್ಚಿದೆ. ಅದು ಕ್ಷಣ ಕೂತು ಹೋಯಿತು. ಅದರ ಎದೆಬಡಿತ ತಿಳಿಯುತ್ತದೆ ಎಂದು ಹಿಂದೊಮ್ಮೆ ಹೇಳಿದ್ದರು. ನನಗೆ ತಿಳಿದದ್ದು ನನ್ನ ಕೈ ಜೋಮು ಹಿಡಿದಿದೆ ಎಂಬುದಷ್ಟೇ. ತಾಯಿಯ ಬಗ್ಗೆ ಏನಾದರೂ ಕೇಳಬೇಕಿತ್ತು... ಕೇಳಲಿಲ್ಲ. ಬಸ್ಸಿನಲ್ಲಿ ಅವರು ಕಿಟಕಿಗೆ ತಲೆಯಾನಿಸಿ ಕೂತಿದ್ದರು, ನಿದ್ದೆ ಇರಬಹುದು.

ಆ ವರ್ಷವೇ ಪಿಆರ್ ಬಂತು. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಹೊರಟುಬಿಟ್ಟೆ. ಮುಂದಿನ ವರ್ಷ ಅಕ್ಕನ ಥೀಸಿಸ್ ಮುಗಿಯಿತು. ಫಲಿತಾಂಶ ಸಾಧಾರಣ. ಹಕ್ಕಿಗಳು ಎಲ್ಲರೂ ಅಂದುಕೊಂಡಿದ್ದ ಕಾಲಕ್ಕೇ ದಪ್ಪವಾಗುತ್ತಿದ್ದವು. ಹೊಸದೇನೂ ಇಲ್ಲ ಎಂಬುದನ್ನು ಸರಿಯಾಗಿ ತೋರಿಸಿದ್ದಕ್ಕೆ ಅವರು ಡಾಕ್ಟರ್ ಆದರು.

ಊರಿಗೆ ಮರಳುವ ಮೊದಲು ಅವರನ್ನು ಸಿಡ್ನಿಗೆ ಒಂದು ಭಾಷಣಕ್ಕೆ ಕರೆದಿದ್ದರು. ನನ್ನ ಫ್ಲ್ಯಾಟಿನಲ್ಲೇ ಉಳಿದುಕೊಂಡರು. ಗುರುವಾರ ಮೂರು ಗಂಟೆಗೆ ಬಾ ಎಂದು ಕಾಗದದಲ್ಲಿ ದಾರಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಬರುತ್ತೇನೆ ಎಂದಿದ್ದೆ. ಅವತ್ತು ಮಧ್ಯಾಹ್ನ ಹೊರಡಲು ಬ್ಯಾಗ್ ತೆಗೆದುಕೊಂಡಾಗ ನಮ್ಮ ಟೀಮ್ ಲೀಡ್, ಬೆಂಗಳೂರಿನವರು, “ಏನ್ರೀ, ರಿಲೀಸ್ ಇಟ್ಕೊಂಡು ಹೊರಟ್ರಾ? ಹೋಗ್ಲೇಬೇಕು ಅಂದ್ರೆ ಹೋಗಿ, ನಾನ್ ನೋಡ್ಕೋತೀನಿ” ಎಂದರು. ನಿಜವಾಗಿ ಹೋಗಬಹುದಿತ್ತು. ಬ್ಯಾಗ್ ಕೆಳಗಿಟ್ಟು ಕೂತೆ. ಯಾಕೆ ಎಂದು ಇವತ್ತಿಗೂ ನನಗೆ ಸರಿಯಾಗಿ ಹೇಳಲಾಗುವುದಿಲ್ಲ.

ಸಂಜೆ ಮನೆಗೆ ಹೋದಾಗ ಅಕ್ಕ ಅನ್ನಕ್ಕೆ ಇಟ್ಟಿದ್ದರು. ಹೇಗಾಯಿತು ಎಂದು ಕೇಳಿದೆ. ಚೆನ್ನಾಗಿ ಆಯಿತು ಎಂದರು. ಒದ್ದೆ ಚೀಲದ ವಿಷಯವನ್ನೇ ಮೊದಲು ಹೇಳಿದರಂತೆ. ತಟ್ಟೆ ಇಡುತ್ತಾ, “ತಪ್ಪು ಕಂಡುಹಿಡಿದವಳು ಇಲ್ಲೇ ಇದ್ದಾಳೆ ಅಂತ ಅಂದೆ,” ಎಂದರು. “ನಿನ್ನನ್ನ ಎದ್ದು ನಿಲ್ಲಿಸೋಣ ಅಂತಿದ್ದೆ. ಎಲ್ಲರೂ ಹಿಂದೆ ತಿರುಗಿ ನೋಡಿದರು.”

ಕ್ಷಮಿಸಿ ಎಂದೆ. ಕೆಲಸ ಇದ್ದೇ ಇರುತ್ತೆ, ಊಟ ಮಾಡು ಎಂದರು.

ಶನಿವಾರ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ಆಮೇಲೆ ಆಗೊಮ್ಮೆ ಈಗೊಮ್ಮೆ ಮೇಲ್ ಬರುತ್ತಿತ್ತು. ಮತ್ತೆ ವಸ್ತುಸಂಗ್ರಹಾಲಯ ಸೇರಿದ್ದರು. ಸರೋವರದ ದಡದಲ್ಲಿ ಒಂದು ಶೆಡ್ ಹಾಕಿಸಿ, ಮೀನುಗಾರರಿಗೇ ಹಕ್ಕಿ ಹಿಡಿದು ಉಂಗುರ ತೊಡಿಸುವುದನ್ನು ಕಲಿಸುತ್ತಿದ್ದರು. ಆ ಬೂದು ಹಕ್ಕಿಯ ಗೂಡುಗಳನ್ನು ಕಾಯಲು ಅವರಲ್ಲೇ ಆರು ಜನ ಒಪ್ಪಿದ್ದಾರೆ ಎಂದು ಬರೆದಿದ್ದರು. ನಾನು ಎರಡು ಸಾಲಿನ ಉತ್ತರ ಬರೆಯುತ್ತಿದ್ದೆ, ಕೆಲವಕ್ಕೆ ಅದೂ ಇಲ್ಲ.

ಎರಡು ವರ್ಷ ಕಳೆದ ಮೇಲೆ ಅವರ ಮಗಳಿಂದ ಮೇಲ್ ಬಂತು. ಸರೋವರದ ಶೆಡ್ಡಿನಲ್ಲಿದ್ದಾಗ ಜ್ವರ ಬಂದು, ಪಟ್ಟಣಕ್ಕೆ ಕರೆತರುವಷ್ಟರಲ್ಲಿ ಜೋರಾಗಿ, ಆರನೆಯ ದಿನ ಅಮ್ಮ ಹೋದಳು ಎಂದು ಬರೆದಿದ್ದಳು. ನಾನು ಅದನ್ನು ಆಫೀಸಿನಲ್ಲಿ ಓದಿದೆ. ಹತ್ತು ನಿಮಿಷಕ್ಕೆ ಮೀಟಿಂಗ್ ಇತ್ತು. ಹೋದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಮಧ್ಯಾಹ್ನ ಎಲ್ಲರ ಜೊತೆ ಕೆಳಗೆ ಹೋಗಿ ನೂಡಲ್ಸ್ ತಿಂದೆ. ಅಳು ಬರುತ್ತದೆಂದು ಕೆಲವು ದಿನ ಕಾದೆ. ಬರಲಿಲ್ಲ. ಸಂತಾಪದ ಎರಡು ಸಾಲು ಕಳಿಸಿದೆ.

ಆಮೇಲೆ ಮದುವೆಯಾಯಿತು, ಮೆಲ್ಬರ್ನಿಗೆ ವಾಪಸ್ ಬಂದೆವು. ಆ ಕೆರೆಗಳು ಮನೆಯಿಂದ ದೂರವೇನಿಲ್ಲ. ಈವರೆಗೆ ಹೋಗಿಲ್ಲ.

ಹೋದ ವಾರ ಮಗಳು ಮತ್ತೆ ಬರೆದಿದ್ದಾಳೆ. ಈಗ ಅವಳಿಗೆ ಹದಿನೇಳು. ಎಂಟು ವರ್ಷವಿದ್ದಾಗ ಹೊರಟ ಅಮ್ಮ ವಾಪಸ್ ಬಂದಾಗ ತನಗೆ ಹದಿಮೂರು ತುಂಬಿತ್ತು, ಸಿಕ್ಕಿದ್ದು ಎರಡು ವರ್ಷ, ನಡುವಿನ ಕಾಲ ತನ್ನ ಬಳಿ ಇಲ್ಲ ಎಂದಿದ್ದಾಳೆ. ಆ ಮನೆಯಲ್ಲಿದ್ದವರಲ್ಲಿ ತನಗೆ ವಿಳಾಸ ಗೊತ್ತಿರುವುದು ನಾನೊಬ್ಬಳೇ. ಅಮ್ಮ ಅಲ್ಲಿ ಏನು ತಿನ್ನುತ್ತಿದ್ದಳು, ಎಲ್ಲಿ ಮಲಗುತ್ತಿದ್ದಳು, ನಗುತ್ತಿದ್ದಳೇ?

ಊಟದ ವಿಷಯ ಬರೆದೆ. ಕೋಣೆಯ ವಿಷಯ, ಲಾಂಡ್ರಿಯ ವಿಷಯ, ಭಾನುವಾರ ಫೋನ್ ಮಾಡುವ ಮೊದಲು ತಲೆ ಬಾಚಿಕೊಳ್ಳುತ್ತಿದ್ದ ವಿಷಯ. ಕೊನೆಯ ಪ್ರಶ್ನೆಗೆ ಬಂದು ನಿಂತೆ. ಅಕ್ಕನ ಕೈ ಕಾಣುತ್ತದೆ, ಬೆನ್ನು ಕಾಣುತ್ತದೆ, ನಂಬರ್ ಹೇಳುವ ದನಿ ಕೇಳುತ್ತದೆ. ಮುಖದ ಮೇಲೆ ನಗು ಇತ್ತೇ... ಎಷ್ಟು ಯೋಚಿಸಿದರೂ ಏನೂ ಬರುವುದಿಲ್ಲ. ‘ಹೌದು, ಬಹಳ ನಗುತ್ತಿದ್ದರು’ ಎಂದು ಟೈಪ್ ಮಾಡಿದೆ. ಹುಡುಗಿಗೆ ಅಷ್ಟು ಸಾಕಿತ್ತು. ಸುಳ್ಳೆಂದು ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ.

ಅಳಿಸಿದೆ. ‘ನಗುತ್ತಿದ್ದರೋ ಏನೋ, ನಾನು ಸರಿಯಾಗಿ ನೋಡಲಿಲ್ಲ’ ಎಂದು ಬರೆದು ಕಳಿಸಿದೆ.

ಇನ್ನೂ ಉತ್ತರ ಬಂದಿಲ್ಲ.