ಕಟ್ಟೆಯ ಮೇಲೆ ಕುಟ್ಟಿದ ಹಿಂಡಿ

ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೂಡಿಸಿ ಹಿಂಡಿ ಕುಟ್ಟುವ ಘಾಟು ಮೊನ್ನೆ ಪಕ್ಕದ ಮನೆಯಿಂದ ಬಂತು. ಉಳಿದವರಿಗೆ ಬಾಯಲ್ಲಿ ನೀರೂರುವ ವಾಸನೆ. ನನಗೆ ಮಾತ್ರ ತಿಕೋಟಾದ ಕಲ್ಲಿನ ಮೇಸ್ತ್ರಿಯ ನೆನಪು...

ನಾನು ವಿಜಯಪುರದ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಅಡುಗೆಮನೆಗೆ ಕರಿಕಲ್ಲಿನ ಕಟ್ಟೆ ಕೂಡಿಸಿದವರು ಅವರು. ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆಯೇ ಇಳಿಸಿದ್ದರು. ಹುಣಸೆಹುಳಿ ಚೆಲ್ಲಿದರೂ ಕಲೆ ನಿಲ್ಲದು ಎಂದು ಹೇಳಿ, ಒಂದು ಮಾತನ್ನು ನನ್ನನ್ನೇ ಕರೆದು ಹೇಳಿದರು: "ತಂಗೀ, ಸಿಲಿಂಡರ್ ಇಡೂ ಕಡೆ ತಳಗ ಟೊಳ್ಳ ಐತಿ. ಅದರ ಮ್ಯಾಲ ಏನೂ ಕುಟ್ಟಬ್ಯಾಡವಾ. ನೆಲದ ಮ್ಯಾಲ ಕೂತು ಕುಟ್ಟು."

ನೆಲದ ಮೇಲೆ ಯಾರು ಕೂಡುತ್ತಾರೆ! ತಿಂಗಳಾಗಿರಲಿಲ್ಲ, ಅತ್ತೆ ಗುಡಿಗೆ ಹೋದ ಹೊತ್ತಿನಲ್ಲಿ ಕಬ್ಬಿಣದ ಒರಳನ್ನು ಅಲ್ಲೇ ಇಟ್ಟು ಹಿಂಡಿ ಕುಟ್ಟಿದೆ. ಕಟ್ ಎಂದಿತು. ಅಂಚಿನಿಂದ ಗೋಡೆಯವರೆಗೆ ಸೀಳು.

"ಏನ ಮಾಡಿದಿ ಬೇ?" ಬಂದವರೇ ಅತ್ತೆ ಕೇಳಿದರು.

"ಏನೂ ಇಲ್ರಿ ಅತ್ತಿ, ತಾನ ಒಡದೈತಿ. ಕಲ್ಲ ಛಲೋ ಇಲ್ಲ," ಎಂದೆ. ಅಂಗೈಯಲ್ಲಿ ಖಾರ ಇನ್ನೂ ಉರಿಯುತ್ತಿತ್ತು.

ಮೇಸ್ತ್ರಿ ಬಂದು ಬಗ್ಗಿ ನೋಡಿದರು. ಒರಳು ಕೂತ ಜಾಗದಲ್ಲಿ ಬೆಳ್ಳಗೆ ದುಂಡನೆಯ ಗುರುತು. ಅದರ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದರು... ಆಮೇಲೆ ಅತ್ತೆಯ ಕಡೆ ತಿರುಗಿ, "ನಂದ ತಪ್ಪ್ರಿ ಅವ್ವಾರ. ತಳಗ ಗ್ವಾಡಿ ಕಟ್ಟಬೇಕಿತ್ತು," ಎಂದರು. ಗೋಡೆ ಕಟ್ಟಿ, ಬೇರೆ ಕಲ್ಲು ಕೂಡಿಸಿಕೊಟ್ಟರು. ನಾನು ಚಹಾ ಕೊಟ್ಟೆ, ಬಾಯಿ ಬಿಡಲಿಲ್ಲ.

ಅತ್ತೆಯ ಬಾಯಿ ಸುಮ್ಮನಿದ್ದೀತೆ? ಓಣಿಗೆಲ್ಲ ಡಂಗುರವಾಯಿತು. ಬಬಲೇಶ್ವರದ ನಾದಿನಿ ತನ್ನ ಹೊಸ ಮನೆಯ ಕೆಲಸ ಬೇರೆಯವರಿಗೆ ಕೊಟ್ಟಳು. ನಮ್ಮ ಓಣಿಯಲ್ಲಿ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಹೊಸ ಸೊಸೆಯ ಅಂಜಿಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಜಿಕೆ ಒಂದು ವರ್ಷ ಇದ್ದೀತು, ಎರಡು ವರ್ಷ ಇದ್ದೀತು. ಉಳಿದದ್ದೆಲ್ಲ ನನ್ನ ಹೇಡಿತನ. ಹೋದ ವರ್ಷ ಅವರು ತೀರಿಕೊಂಡರೆಂದು ತಿಕೋಟಾದಿಂದ ಒಣದ್ರಾಕ್ಷಿ ತರುವಾಕೆ ಹೇಳಿದಳು.

ಈ ಎರಡನೆಯ ಕಲ್ಲಿಗೆ ಹದಿನೆಂಟು ವರ್ಷ. ದಿನಾ ಅದರ ಮೇಲೆಯೇ ರೊಟ್ಟಿ ಬಡಿಯುತ್ತೇನೆ. ಒಂದು ಗೀರಿಲ್ಲ.

ಓಣಿಗೆ ಹೊಸದಾಗಿ ಬಂದಾಕೆ ನಿನ್ನೆ ನಮ್ಮ ಅಡುಗೆಮನೆಯ ಕಟ್ಟೆ ಸವರಿ, "ಯಾರು ಕೂಡಿಸ್ಯಾರ್ರಿ ಇದನ್ನ?" ಎಂದಳು.

"ತಿಕೋಟಾದವ. ಮೊದಲ ಒಡಕ ಕಲ್ಲ ಹಾಕಿದ್ದ," ಅತ್ತೆ ಕೂತಲ್ಲಿಂದಲೇ ಹೇಳಿದರು.

"ಇಲ್ರಿ ಅತ್ತಿ. ಅದನ್ನ ಒಡದಾಕಿ ನಾನು."

ಅತ್ತೆ ನನ್ನ ಕಡೆ ತಿರುಗಿದರು. ಹೊಸಬಳು ಮೊಬೈಲ್ ಹೊರತೆಗೆದು, "ಹಂಗಾರ ಅವರ ನಂಬರ್ ಕೊಡ್ರಿ," ಎಂದಳು.

"ಅವರು ಈಗಿಲ್ರಿ," ಎಂದೆ.